ತೋಳಿನ ಬಾವು: ನೀರೋ, ಕೊಬ್ಬೋ?

ಸ್ತನ ಕ್ಯಾನ್ಸರ್‌ಗೆ ಕಂಕುಳ ದುಗ್ಧಗಂಟು ತೆಗೆಸಿ, ಕರೆಂಟು (ರೇಡಿಯೇಷನ್) ಇಡಿಸಿಕೊಂಡ ಮೇಲೆ ದುಗ್ಧರಸ (ಲಿಂಫ್) ಸಾಗದೆ ತೋಳು ಬಾತವರು ನಮ್ಮ ಬಳ್ಳಾರಿ ಓಪಿಡಿಗೆ ಬಂದರೆ ಮೊದಲು ತಿಳಿಯಬೇಕಾದದ್ದು ಒಂದೇ: ಒಳಗೆ ನಿಂತಿರುವುದು ನೀರೋ, ಕೊಬ್ಬೋ? ಯಾವ ಆಪರೇಷನ್ ಎಂಬುದು ಇದರ ಮೇಲೇ ನಿಂತಿದೆ. ಮುಂಗೈ ಮೇಲೆ ಹೆಬ್ಬೆರಳಿಟ್ಟು ಪೂರ್ತಿ ಒಂದು ನಿಮಿಷ ಒತ್ತುತ್ತೇವೆ. ಅವಸರದಲ್ಲಿ ಐದು ಸೆಕೆಂಡು ಒತ್ತಿ ಬಿಟ್ಟರೆ ಆಳದ ನೀರು ಗೊತ್ತಾಗುವುದಿಲ್ಲ. ಗುಂಡಿ ಬಿದ್ದು ಹಾಗೇ ನಿಂತರೆ ನೀರು. ಗುಂಡಿಯೇ ಬೀಳದಿದ್ದರೆ ಆ ಜಾಗದಲ್ಲಿ ಕೊಬ್ಬು, ನಾರು ಬೆಳೆದಿದೆ. ಎಷ್ಟು ಪಟ್ಟಿ ಸುತ್ತಿದರೂ ಅದು ಕರಗದು.

ಅದಕ್ಕೂ ಮುಂಚೆ ಕಂಕುಳಲ್ಲಿ ಕ್ಯಾನ್ಸರ್ ಮರುಕಳಿಸಿಲ್ಲ, ರಕ್ತನಾಳದಲ್ಲಿ ಹೆಪ್ಪಿಲ್ಲ ಎಂದು ಸ್ಕ್ಯಾನ್, ಡಾಪ್ಲರ್‌ನಲ್ಲಿ ಖಾತ್ರಿಯಾಗಬೇಕು. ಗರ್ಭಕೊರಳಿನ ಕ್ಯಾನ್ಸರ್ ನಂತರ ಕಾಲು ಬಾತು ರಾಯಚೂರು ಕಡೆಯಿಂದ ಬಂದವರಿಗೆ ಫೈಲೇರಿಯಾ (ಆನೆಕಾಲು ರೋಗ) ಪರೀಕ್ಷೆಯನ್ನೂ ಮಾಡಿಸುತ್ತೇವೆ. ಮಣಿಕಟ್ಟಿನಿಂದ ಮೇಲಕ್ಕೆ ಪ್ರತಿ 4 ಸೆಂ.ಮೀ.ಗೆ ಎರಡೂ ತೋಳಿನ ಸುತ್ತಳತೆ ಬರೆದಿಡಬೇಕು. ಕೆಲವು ತಿಂಗಳು ಪಟ್ಟಿ, ಮಸಾಜು, ವ್ಯಾಯಾಮ ಸರಿಯಾಗಿ ಮಾಡಿಯೂ ಬಾವು ಇಳಿಯದಿದ್ದರೆ ಮಾತ್ರ ಆಪರೇಷನ್ ಮಾತು.

ನೀರಿನ ಬಾವಿಗೆ ನಾವು ಆರಿಸುವುದು ಆ ರಸ ಸಾಗಿಸುವ ದುಗ್ಧನಾಳವನ್ನು ಪಕ್ಕದ ಸಣ್ಣ ಅಭಿಧಮನಿಗೆ ಜೋಡಿಸುವ ಎಲ್‌ವಿಎ. ನಾಳ ಇನ್ನೂ ಜೀವಂತವಾಗಿದೆಯೇ ಎಂದು ನೋಡಲು ಐಸಿಜಿ (ಇಂಡೋಸಯನೈನ್ ಗ್ರೀನ್) ಬಣ್ಣ ಬೇಕು. 25 ಮಿ.ಗ್ರಾಂ ಪುಡಿಯನ್ನು ಸ್ಟೆರೈಲ್ ನೀರಿನಲ್ಲೇ ಕಲಸಬೇಕು. ಸಲೈನ್ ಹಾಕಿದರೆ ಒಡೆದುಹೋಗುತ್ತದೆ. ಕಲಸಿದ್ದನ್ನು ಆರು ಗಂಟೆಯೊಳಗೆ ಬಳಸಬೇಕು. ಇದರಲ್ಲಿ ಅಯೋಡಿನ್ ಇರುವುದರಿಂದ ಅಲರ್ಜಿ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಬೆರಳು ಸಂದಿಯ ಚರ್ಮದೊಳಗೆ 0.1 ಮಿ.ಲೀ.ನಷ್ಟು ಚುಚ್ಚಿ ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ನೋಡಿದರೆ, ಆರೋಗ್ಯದ ನಾಳ ನೇರ ಗೆರೆಯಾಗಿ ಹೊಳೆಯುತ್ತದೆ. ಚರ್ಮದ ತುಂಬ ಚುಕ್ಕಿಚುಕ್ಕಿಯಾಗಿ ಚೆಲ್ಲಿಕೊಂಡಿದ್ದರೆ ರಸ ಹಿಂದಕ್ಕೆ ಸೋರುತ್ತಿದೆ ಎಂದರ್ಥ. ಗೆರೆ ಕಂಡ ಕೂಡಲೇ ಮಾರ್ಕರ್‌ನಿಂದ ಗುರುತು ಹಾಕಬೇಕು, ತಡವಾದಷ್ಟು ಬಣ್ಣ ಹರಡಿ ಗೆರೆ ಮಸುಕಾಗುತ್ತದೆ.

ಗುರುತಿನ ಮೇಲೆ 2ರಿಂದ 3 ಸೆಂ.ಮೀ. ಕೊಯ್ತ ಸಾಕು, ಲೋಕಲ್ ಅರಿವಳಿಕೆಯಲ್ಲೂ ಆಗುತ್ತದೆ. ನಾಳದ ಅಗಲ ಸಾಮಾನ್ಯವಾಗಿ 0.3ರಿಂದ 0.8 ಮಿ.ಮೀ. ಕೂದಲಿಗಿಂತ ಸಣ್ಣದಾದ 11-0 ಅಥವಾ 12-0 ನೈಲಾನ್ ದಾರ, ಒಳ್ಳೆಯ ಮೈಕ್ರೋಸ್ಕೋಪು, ಅಲುಗದ ಕೈ ಬೇಕು. ನಮ್ಮ ಅನುಭವದಲ್ಲಿ ಕೆಲಸ ಕೆಡುವುದು ಹೊಲಿಗೆಗಿಂತ ಹೆಚ್ಚಾಗಿ ಅಭಿಧಮನಿಯ ಆಯ್ಕೆಯಲ್ಲಿ. ಕತ್ತರಿಸಿದ ತುದಿಯಿಂದ ರಕ್ತ ಹಿಂದಕ್ಕೆ ಚಿಮ್ಮಿದರೆ ಅದನ್ನು ಬಿಟ್ಟುಬಿಡಿ. ಒತ್ತಡ ಅಲ್ಲೇ ಹೆಚ್ಚಿದ್ದರೆ ರಕ್ತ ದುಗ್ಧನಾಳಕ್ಕೆ ನುಗ್ಗಿ ಜೋಡಣೆ ಮುಚ್ಚುತ್ತದೆ. ಕವಾಟ ಗಟ್ಟಿಯಿರುವ, ಅಳತೆ ಹೊಂದುವ ಕವಲು ಸಿಗುವವರೆಗೆ ಹುಡುಕಬೇಕು. ಹಿಂದಿನ ಗೋಡೆ ಸೂಜಿಗೆ ಸಿಕ್ಕಿಕೊಳ್ಳದಿರಲು ನಾಳದೊಳಗೆ ಇದಕ್ಕಿಂತ ದಪ್ಪನೆಯ 6-0 ನೈಲಾನ್ ತುಂಡೊಂದನ್ನು ತೂರಿಸಿಟ್ಟು, ಕೊನೆಯ ಹೊಲಿಗೆಗೆ ಮುಂಚೆ ಎಳೆದುಕೊಳ್ಳುತ್ತೇವೆ. ನಾಳ ಹಿಡಿದಿದ್ದ ಕ್ಲಿಪ್ಪು ಬಿಟ್ಟಾಗ ತಿಳಿಯಾದ ರಸ ಅಭಿಧಮನಿಯ ಕೆಂಪನ್ನು ತಳ್ಳಿಕೊಂಡು ಮುಂದೆ ಹರಿದರೆ ಜೋಡಣೆ ತೆರೆದಿದೆ. ನಾಳದ ಗೋಡೆಯೇ ದಪ್ಪವಾಗಿ ತೂತು ಮುಚ್ಚಿದ್ದರೆ ಬೇರೆ ಜಾಗಕ್ಕೆ ಹೋಗುವುದೇ ಸರಿ.

ತೊಡೆಸಂದಿಯ ದುಗ್ಧಗಂಟನ್ನು ರಕ್ತನಾಳದ ಸಮೇತ ತಂದು ಕಂಕುಳಲ್ಲಿ ಕೂಡಿಸುವ ದಾರಿಯೂ ಇದೆ. ಆದರೆ ಗಂಟು ತೆಗೆದ ಕಡೆಯ ಕಾಲೇ ಬಾತುಕೊಳ್ಳುವ ಅಪಾಯವಿರುವುದರಿಂದ ಎಲ್ಲರಿಗೂ ಹೇಳುವಂಥದ್ದಲ್ಲ.

ಕೊಬ್ಬು ಕೂತ ತೋಳಿಗೆ ಲೈಪೋಸಕ್ಷನ್. ಒತ್ತಿದಾಗ ಆಳದ ಗುಂಡಿ ಬೀಳುವ ತೋಳಿಗೆ ಮಾಡಬಾರದು, ಮೊದಲು ನೀರು ಇಳಿಸಬೇಕು. ಕೊಳವೆಯಿಂದ ಕೊಬ್ಬು ಎಳೆದ ಮೇಲೆ ಟೇಬಲ್ ಮೇಲೇ ಪ್ರೆಷರ್ ಸ್ಲೀವ್ (ತೋಳನ್ನು ಬಿಗಿಯಾಗಿ ಒತ್ತಿ ಹಿಡಿಯುವ ಎಲಾಸ್ಟಿಕ್ ಚೀಲ) ತೊಡಿಸಬೇಕು, ಅದರ ಅಳತೆಯನ್ನು ಮುಂಚೆಯೇ ಚೆನ್ನಾಗಿರುವ ತೋಳಿನಿಂದ ತೆಗೆದಿರಬೇಕು. "ಆಪರೇಷನ್ ಆದ ಮ್ಯಾಲೆ ಈ ಚೀಲ ಬಿಡಬಹುದೇನ್ರೀ?" ಎಂದು ಕೇಳದವರಿಲ್ಲ. ಬಿಡುವಂತಿಲ್ಲಮ್ಮಾ, ಹಗಲೂ ರಾತ್ರಿ, ಜೀವನಪೂರ್ತಿ ಎಂದು ಮುಚ್ಚಿಡದೆ ಹೇಳಿ, ಒಪ್ಪಿದವರಿಗಷ್ಟೇ ದಿನಾಂಕ ಕೊಡುತ್ತೇವೆ. ಕೊಬ್ಬು ಹೋಗಿದೆಯೇ ಹೊರತು ರಸ ಸಾಗುವ ದಾರಿ ಸರಿಹೋಗಿಲ್ಲ, ಸ್ಲೀವ್ ತೆಗೆದಿಟ್ಟರೆ ಬಾವು ಮತ್ತೆ ಹತ್ತುತ್ತದೆ.

ನಮ್ಮ ಕಡೆ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಹೊಸ ಸ್ಲೀವ್ ಆ ಸೆಕೆಯಲ್ಲಿ ಯಾರೂ ತಡೆಯಲಾರರು. ಬೆವರಿಗೆ ಬೆರಳು ಸಂದಿಯಲ್ಲಿ ಹುಣ್ಣಾಗಿ ಸೋಂಕು ಹತ್ತುತ್ತದೆ. ಹತ್ತಿ ಬಿಡಿಸುವ ಕೆಲಸ ಶುರುವಾದರೆ ಕಾಯಿಸಿಪ್ಪೆ ಚುಚ್ಚದೆ ಇರದು. ಅದಕ್ಕೇ ಲೈಪೋಸಕ್ಷನ್‌ಗೆ ನಾವು ಒಂದೆರಡು ಮಳೆಯಾದ ಮೇಲಿನ ದಿನ ಆರಿಸುತ್ತೇವೆ. ಗಂಗಾವತಿ, ಸಿಂಧನೂರು ಕಡೆ ಭತ್ತದ ನಾಟಿಗೆ ಇಳಿಯುವವರಿಗೆ ನಾಟಿ ಮುಗಿಯುವವರೆಗೆ ಕಾಯುತ್ತೇವೆ. ಎರಡು ಸ್ಲೀವ್ ಇರಲೇಬೇಕು: ಒಂದು ತೊಟ್ಟರೆ ಇನ್ನೊಂದನ್ನು ತಣ್ಣೀರಿನಲ್ಲಿ ಒಗೆದು ನೆರಳಲ್ಲಿ ಒಣಗಿಸಬೇಕು, ಬಿಸಿಲಿಗೆ ಎಲಾಸ್ಟಿಕ್ ಸತ್ತುಹೋಗುತ್ತದೆ.

ತೋಳು ಕೆಂಪಾಗಿ, ಬಿಸಿಯಾಗಿ, ಚಳಿಜ್ವರ ಬಂದರೆ ಅದು ಸೋಂಕು. ಬೆಳಗಾಗಲಿ ಎಂದು ಕಾಯದೆ ಅಂದೇ ಆ್ಯಂಟಿಬಯೋಟಿಕ್ ಶುರುವಾಗಬೇಕು. ಅದು ಪೂರ್ತಿ ವಾಸಿಯಾಗುವ ತನಕ ಯಾವ ಆಪರೇಷನ್ನೂ ಇಲ್ಲ.