ಬಾರ್ಬೆಕ್ಯೂ ಸಾಸ್‌ಗೆ ಕಾಚಂಪುಳಿ: ನನ್ನ ಅನುಭವ

ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಹೊತ್ತಿನ ಚಳಿಯಲ್ಲಿ, ವಿರಾಜಪೇಟೆಯ ಮನೆ ಅಂಗಳದಲ್ಲಿ ಕೆಂಡ ಹಾಕಿ ಹಂದಿ ಮಾಂಸ ಸುಡುವುದು ನನಗೆ ತುಂಬಾ ಇಷ್ಟ. ಆದರೆ ಅಂಗಡಿಯ ಬಾರ್ಬೆಕ್ಯೂ ಸಾಸ್ ಹಚ್ಚಿದಾಗಲೆಲ್ಲ ಎರಡು ತೊಂದರೆ. ಸಿಹಿ ಜಾಸ್ತಿ. ಒಳಗೆ ಬೇಯುವ ಮೊದಲೇ ಹೊರಗೆ ಕರಕಲು.

ಎರಡಕ್ಕೂ ಕಾರಣ ಸಕ್ಕರೆ. ಅಮೆರಿಕದ ಕ್ಯಾನ್ಸಸ್ ಸಿಟಿ ಶೈಲಿಯ ಸಾಸ್ ಟೊಮ್ಯಾಟೊ, ಕಾಕಂಬಿಯದು, ದಪ್ಪ ಮತ್ತು ಸಿಹಿ. ಅಲ್ಲಿಯದೇ ಉತ್ತರ ಕೆರೊಲಿನಾದ ಪೂರ್ವ ಭಾಗದಲ್ಲಾದರೆ ವಿನೆಗರ್ ಮತ್ತು ಮೆಣಸಿನ ತೆಳು ಸಾಸ್. ಕೊಬ್ಬಿನ ಮಾಂಸಕ್ಕೆ ಹುಳಿ ಬೇಕು, ಅಲ್ವಾ? ನಮ್ಮ ಕೊಡಗಿನ ಹಂದಿ ಸಾರು, ಪಂದಿ ಕರಿಗೂ ಅದೇ ಜೀವ.

ಹಾಗಾಗಿ ಕಾಚಂಪುಳಿ ತೆಗೆದೆ. ಉಪ್ಪಾಗೆ ಜಾತಿಯ ಹುಳಿ ಹಣ್ಣಿನ ರಸವನ್ನು ಕಪ್ಪಾಗಿ ಗಟ್ಟಿಯಾಗುವವರೆಗೆ ಕುದಿಸಿದ್ದು ಅದು. ಮೊದಲ ಸಲ ಒಂದು ಕಪ್ ಅಂಗಡಿ ಸಾಸ್‌ಗೆ 3 ಚಮಚ ಸುರಿದೆ, ಬಾಯಿಗಿಡಲು ಆಗಲಿಲ್ಲ. ಈಗ 1 ಟೀ ಚಮಚ ಹಾಕಿ, ರುಚಿ ನೋಡಿ, ಬೇಕಾದರೆ ಇನ್ನರ್ಧ. ಜೊತೆಗೆ ಹುರಿದು ತರಿತರಿ ಪುಡಿ ಮಾಡಿದ ನಮ್ಮ ತೋಟದ ಕರಿಮೆಣಸು 1 ಟೀ ಚಮಚ, ಚಿಟಿಕೆ ಜೀರಿಗೆ, ಜಜ್ಜಿದ ಬೆಳ್ಳುಳ್ಳಿ. ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ 5 ನಿಮಿಷ. ಹುಳಿ ಇರುವುದರಿಂದ ಅಲ್ಯೂಮಿನಿಯಂ ಬೇಡ.

ಕರಕಲಿಗೆ ಪರಿಹಾರ ಸುಲಭ. ಮಾಂಸಕ್ಕೆ ಮೊದಲು ಉಪ್ಪು, ಅರಿಶಿನ ಅಷ್ಟೇ. ಪೂರ್ತಿ ಬೆಂದ ಮೇಲೆ, ಕೊನೆಯ 5 ನಿಮಿಷ ಕೆಂಡದ ಅಂಚಿಗೆ ಸರಿಸಿ ಸಾಸ್ ಹಚ್ಚುತ್ತೇನೆ. ಹೊಳೆಯುತ್ತದೆ, ಕಪ್ಪಾಗುವುದಿಲ್ಲ. ಉಳಿದ ಸಾಸ್ ಅನ್ನು ಅಕ್ಕಿ ರೊಟ್ಟಿಗೆ ನಂಚಿಕೊಂಡೆವು.