ಹೊಗೆಯ ಸರ್ಕಲ್ಲಿನಲ್ಲಿ ಸಿಗದ ಓಝೋನ್ ಹಳ್ಳಿ ಜಗಲಿಯಲ್ಲಿ ಸಿಕ್ಕಿತು

ಬೆಳಗ್ಗೆ ಎಂಟೂವರೆಗೆ ಮೈಸೂರಿನ ಬಸ್ ನಿಲ್ದಾಣದ ಹತ್ತಿರ ನಿಂತರೆ ಕಣ್ಣು ಉರಿಯುತ್ತದೆ. ಓಝೋನ್ ಎಂಬ ಕೆಟ್ಟ ಅನಿಲ ತಾಗಿದರೆ ನೇರಳೆಗೆ ತಿರುಗುವ ಪರೀಕ್ಷಾ ಕಾಗದಗಳಲ್ಲಿ ಮೊದಲನೆಯದನ್ನು ನಾನು ಕಟ್ಟಿದ್ದು ಅಲ್ಲೇ, ಒಂದು ಅಂಗಡಿಯ ಸೂರಿನ ಕೆಳಗೆ. ಇನ್ನೊಂದನ್ನು ಚಾಮುಂಡಿ ಬೆಟ್ಟದ ಆಚೆ ಒಂದು ಹಳ್ಳಿಯಲ್ಲಿ, ಬೀನ್ಸ್ ಹೊಲದ ಪಕ್ಕದ ಮನೆಯ ಜಗಲಿಯಲ್ಲಿ ಕಟ್ಟಿದೆ. ಸಂಜೆ ಎರಡನ್ನೂ ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ ನೋಡಿದೆ. ನಿಲ್ದಾಣದ ಕಾಗದಕ್ಕೆ ಬಣ್ಣ ಹತ್ತಿದೆಯೋ ಇಲ್ಲವೋ ಎಂಬಂತಿತ್ತು. ಹಳ್ಳಿಯದು ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣಕ್ಕೆ ತಿರುಗಿತ್ತು.

"ನಮ್ಮೂರ ಗಾಳಿ ಚೆನ್ನಾಗದೆ ಕಣವ್ವ, ಪಟ್ಟಣದ ಥರ ಅಲ್ಲ" ಎಂದು ಆ ಮನೆಯ ಯಜಮಾನರು ಬೆಳಗ್ಗೆ ಹೇಳಿದ್ದರು. ಸಂಜೆ ಆ ಕಾಗದವನ್ನು ಅವರ ಕೈಗೆ ಕೊಡಲು ನನಗೆ ನಿಜವಾಗಿ ಕಷ್ಟವಾಯಿತು.

ನಾನು ಪರಿಸರ ಎಂಜಿನಿಯರ್. ಮೈಸೂರಿನ ಗಾಳಿಗಾಗಿ ಕಾರ್ಯಯೋಜನೆಯ ಕರಡು ಬರೆಯುವ ಸಣ್ಣ ತಂಡದಲ್ಲಿ ಓಝೋನ್ ಭಾಗ ನನ್ನ ಪಾಲಿಗೆ ಬಂತು. ಮೊದಲ ಕರಡಿನಲ್ಲಿ ನಾನು ಬರೆದದ್ದು ಎಲ್ಲರೂ ಬರೆಯುವುದನ್ನೇ. ರಸ್ತೆ ಗುಡಿಸುವುದು, ನೀರು ಚಿಮುಕಿಸುವುದು, ಗಿಡ ನೆಡುವುದು. 2019ರಲ್ಲಿ ಕೇಂದ್ರ ಶುರು ಮಾಡಿದ ಶುದ್ಧ ಗಾಳಿ ಕಾರ್ಯಕ್ರಮದ ಗಮನ ಧೂಳಿನ ಕಣಗಳ ಮೇಲೆ. ಅದರ ಅಚ್ಚು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಆ ಎರಡು ಕಾಗದಗಳನ್ನು ನೋಡಿದ ಮೇಲೆ ಕರಡನ್ನು ಪೂರ್ತಿ ಪಕ್ಕಕ್ಕಿಟ್ಟೆ.

ಓಝೋನ್ ಯಾವ ಸೈಲೆನ್ಸರಿನಿಂದಲೂ ನೇರವಾಗಿ ಬರುವುದಿಲ್ಲ. ಎಂಜಿನ್ನು, ಬಾಯ್ಲರ್‌ಗಳಿಂದ ನೈಟ್ರೋಜನ್ ಆಕ್ಸೈಡ್‌ಗಳು ಬರುತ್ತವೆ. ಪೆಟ್ರೋಲ್, ಥಿನ್ನರ್, ಪೇಂಟ್‌ಗಳಿಂದ ಆವಿ ಏಳುತ್ತದೆ. ಬಿಸಿಲು ಬಿದ್ದರೆ ಇವೆರಡೂ ಸೇರಿ ಗಾಳಿಯಲ್ಲೇ ಓಝೋನ್ ಬೇಯುತ್ತದೆ. ಬೇಯಲು ಕೆಲವು ಗಂಟೆ ಬೇಕು. ಅಷ್ಟರಲ್ಲಿ ಗಾಳಿ ಊರು ದಾಟಿರುತ್ತದೆ. ಮೇಲಾಗಿ ಎಂಜಿನ್ನಿನಿಂದ ಆಗಷ್ಟೇ ಹೊರಬಂದ ನೈಟ್ರಿಕ್ ಆಕ್ಸೈಡ್ ಅಕ್ಕಪಕ್ಕದ ಓಝೋನನ್ನು ತಿಂದುಹಾಕುತ್ತದೆ. ಹಾಗಾಗಿ ಹೊಗೆ ಜಾಸ್ತಿ ಇರುವ ಸರ್ಕಲ್ಲಿನಲ್ಲಿ ಓಝೋನ್ ಕಡಿಮೆ. ಆ ಹೊಗೆ ಸಾಗಿ ಹೋದ ಹಳ್ಳಿಯಲ್ಲಿ, ಮಧ್ಯಾಹ್ನ ಎರಡು ಮೂರು ಗಂಟೆಗೆ, ಜಾಸ್ತಿ.

ಕಾಗದ ಮಾಡುವ ರೀತಿ ಹಳೆಯದು, ಯಾವ ಹೈಸ್ಕೂಲಿನಲ್ಲೂ ಮಾಡಬಹುದು. ನೂರು ಎಂಎಲ್ ನೀರಿಗೆ ಐದು ಗ್ರಾಂ ಕಾರ್ನ್‌ಫ್ಲೋರ್ ಹಾಕಿ ಅಂಬಲಿಯ ಹಾಗೆ ಕಾಯಿಸಿ. ಇಳಿಸಿ, ಒಂದು ಗ್ರಾಂ ಪೊಟ್ಯಾಸಿಯಂ ಅಯೋಡೈಡ್ ಕಲಸಿ. ಫಿಲ್ಟರ್ ಪೇಪರಿಗೆ ಬಳಿದು ಕತ್ತಲಲ್ಲಿ ಒಣಗಿಸಿ. ನೇರ ಬಿಸಿಲು ಬೀಳದ ಕಡೆ ಎಂಟು ಗಂಟೆ ನೇತುಹಾಕಿ. ಆದರೆ ಗಾಳಿಯ ತೇವಕ್ಕೂ, ಬೇರೆ ಅನಿಲಗಳಿಗೂ ಇದರ ಬಣ್ಣ ಬದಲಾಗುತ್ತದೆ. ಅದಕ್ಕೇ ಯೋಜನೆಯಲ್ಲಿ ಇದರಿಂದ ಒಂದು ಅಂಕಿಯನ್ನೂ ಬರೆಯಲಿಲ್ಲ. ಜನರಿಗೆ ತೋರಿಸಲು ಮಾತ್ರ ಇಟ್ಟುಕೊಂಡೆ.

ಅಂಕಿಗಳಿಗೆ ಮೈಸೂರಿನ ಹೆಬ್ಬಾಳದಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರವಿದೆ. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು, ಯಾಕೆಂದರೆ ನಾನೇ ಎಡವಿದ್ದೆ. ದಿನದ ಸರಾಸರಿ ನೋಡಬೇಡಿ. ರಾತ್ರಿ ಓಝೋನ್ ತಳಕ್ಕೆ ಇಳಿಯುತ್ತದೆ. 24 ಗಂಟೆಗೆ ಹಂಚಿದರೆ ಮಧ್ಯಾಹ್ನದ ಏರಿಕೆ ಕಾಣದಂತೆ ಮುಚ್ಚಿಹೋಗುತ್ತದೆ. 2009ರಲ್ಲಿ ಬಂದ ನಮ್ಮ ದೇಶದ ಮಾನದಂಡ ಎಂಟು ಗಂಟೆಗೆ ಘನ ಮೀಟರಿಗೆ 100 ಮೈಕ್ರೋಗ್ರಾಂ, ಒಂದು ಗಂಟೆಗೆ 180. ಹಾಗಾಗಿ ಗಂಟೆಗಂಟೆಯ ಅಂಕಿ ತೆಗೆದುಕೊಂಡು, ಒಂದೊಂದೇ ಗಂಟೆ ಮುಂದೆ ಸರಿಯುತ್ತಾ ಎಂಟೆಂಟು ಗಂಟೆಯ ಸರಾಸರಿ ತೆಗೆಯುತ್ತಾ ಹೋಗಬೇಕು. ಅಂಕಿ ಬಿಟ್ಟುಹೋದ ಗಂಟೆಗಳು ಮಧ್ಯಾಹ್ನವೇ ಇದ್ದರೆ ಆ ದಿನವನ್ನು ಲೆಕ್ಕದಿಂದ ಬಿಡಿ. ಫೆಬ್ರವರಿಯಿಂದ ಮೇವರೆಗಿನ ದಿನಗಳನ್ನು ಬೇರೆಯಾಗಿ ನೋಡಿ. ಮಳೆಗಾಲದ ಮೋಡ ಸೇರಿಸಿದರೆ ಎಲ್ಲವೂ ಚೆನ್ನಾಗಿ ಕಾಣುತ್ತದೆ.

ಒಂದು ಸಭೆಯಲ್ಲಿ ಹಿರಿಯ ಅಧಿಕಾರಿಯೊಬ್ಬರು ಕೇಳಿದರು. "ಓಝೋನ್ ಇದ್ದರೆ ಒಳ್ಳೇದಲ್ವಾ ಮೇಡಂ? ಅದು ತೂತಾಗ್ತಿದೆ ಅಂತ ತಾನೆ ಗಲಾಟೆ?" ಅದು ನ್ಯಾಯವಾದ ಪ್ರಶ್ನೆ. ಮೇಲೆ, ಹತ್ತಿಪ್ಪತ್ತು ಕಿಲೋಮೀಟರಿನ ಆಚೆ, ಅದು ನಮಗೆ ಕೊಡೆ. ಮೂಗಿನ ಮಟ್ಟದಲ್ಲಿ ಶ್ವಾಸಕೋಶವನ್ನು ಸುಡುತ್ತದೆ, ಆಸ್ತಮಾ ಇರುವವರನ್ನು ಹಿಂಡುತ್ತದೆ. ಎಲೆಯ ಸಣ್ಣ ರಂಧ್ರಗಳಿಂದ ಒಳಹೊಕ್ಕು ಬೆಳೆಯನ್ನೂ ಬಿಡುವುದಿಲ್ಲ. ತಂಬಾಕಿನ ಎಲೆಗೆ ಚುಕ್ಕೆ ಬೀಳಲು ಓಝೋನ್ ಕಾರಣ ಎಂದು ಅಮೆರಿಕದಲ್ಲಿ 1959ರಲ್ಲೇ ಕಂಡುಕೊಂಡಿದ್ದರು. ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬೆಳೆಗಾರರಿಗೆ ಇದನ್ನು ಹೇಳಿದವರು ಎಷ್ಟು ಜನ?

ಇನ್ನೊಂದು ಪ್ರಶ್ನೆ, "ಮೈಸೂರು ಆ ಪಟ್ಟಿಯಲ್ಲೇ ಇಲ್ಲವಲ್ಲ, ಈಗ್ಯಾಕೆ?" ಎನ್ನುವುದು. ನಿಜ, 2019ರ ಕಾರ್ಯಕ್ರಮದ ನಗರಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಇವೆ. ಅಮೆರಿಕದಲ್ಲಿ ಓಝೋನ್ ಮಿತಿ ಮೀರಿದ ಜಾಗಕ್ಕೆ ರಾಜ್ಯ ಸರ್ಕಾರವೇ ಯೋಜನೆ ಬರೆದು ಕೇಂದ್ರದ ಸಂಸ್ಥೆಯಿಂದ ಒಪ್ಪಿಗೆ ಪಡೆಯಬೇಕು, ಅದು ಕಾನೂನು. ಮಿತಿ ಮೀರದ ಊರುಗಳು ತಾವಾಗಿಯೇ ಮುಂಚಿತವಾಗಿ ಕೆಲಸ ಶುರು ಮಾಡಲಿ ಎಂದು 2012ರಲ್ಲಿ ಅಲ್ಲಿ ಬೇರೊಂದು ಕಾರ್ಯಕ್ರಮ ತಂದರು. ನಾನು ಸಭೆಗೆ ಇದನ್ನೇ ಹೇಳಿದೆ. ನಮ್ಮಲ್ಲೂ 1981ರ ವಾಯು ಕಾಯ್ದೆ ರಾಜ್ಯ ಮಂಡಳಿಗೆ ಸಮಗ್ರ ಕಾರ್ಯಕ್ರಮ ರೂಪಿಸುವ ಕೆಲಸ ವಹಿಸಿದೆ. ಪಟ್ಟಿಗೆ ಸೇರುವವರೆಗೆ ಕಾಯಬೇಕೆಂದು ಅದರಲ್ಲಿ ಎಲ್ಲೂ ಇಲ್ಲ.

ವಾಹನ ಕಡಿಮೆ ಮಾಡಿದರೆ ಸಾಕಲ್ಲವೇ ಎಂದುಕೊಂಡಿದ್ದೆ. 2020ರ ಲಾಕ್‌ಡೌನಿನಲ್ಲಿ ರಸ್ತೆಗಳು ಖಾಲಿಯಾದವು, ನೈಟ್ರೋಜನ್ ಡೈಆಕ್ಸೈಡ್ ಕುಸಿಯಿತು. ಆದರೂ ದೇಶದ ಹಲವು ಊರುಗಳಲ್ಲಿ ಓಝೋನ್ ಅದರಂತೆ ಇಳಿಯಲಿಲ್ಲ, ಕೆಲವು ಕಡೆ ಏರಿತು. ಓಝೋನನ್ನು ತಿನ್ನುವ ಅನಿಲ ಕಡಿಮೆಯಾಯಿತು, ಆವಿ ಉಳಿಯಿತು. ಆವಿಯನ್ನೂ ಹಿಡಿಯಬೇಕು ಎಂದು ಗೊತ್ತಾದದ್ದು ಆಗ. ಹೀಗೆ ನಾನು ಬನ್ನಿಮಂಟಪದ ಕಡೆಯ ಟಿಂಕರಿಂಗ್-ಪೇಂಟಿಂಗ್ ಶೆಡ್ಡುಗಳಿಗೆ ಹೋಗಲು ಶುರು ಮಾಡಿದೆ.

ನಾಲ್ಕು ದಿನ ಬೆಳಗ್ಗೆಯಿಂದ ಸಂಜೆವರೆಗೆ ಕೂತು ನೋಡಿದೆ. ಥಿನ್ನರ್ ಡಬ್ಬಿಯ ಮುಚ್ಚಳ ದಿನವಿಡೀ ತೆಗೆದಿರುತ್ತದೆ. ಸ್ಪ್ರೇ ಗನ್ನು ತೊಳೆದ ಥಿನ್ನರನ್ನು ನೆಲಕ್ಕೆ ಚೆಲ್ಲುತ್ತಾರೆ. ಒರೆಸಿದ ಬಟ್ಟೆಯನ್ನು ಮೂಲೆಗೆ ಎಸೆಯುತ್ತಾರೆ. ಒಬ್ಬ ಪೇಂಟರ್ ಹೇಳಿದ. "ಹಾರಿ ಹೋಗುತ್ತೆ ಅಂತ ಗೊತ್ತು ಮೇಡಂ. ಪದೇ ಪದೇ ತೆಗೆಯೋಕೆ ಕೈ ಖಾಲಿ ಇರಲ್ಲ." ಅವನ ಎದುರೇ ಒಂದು ಬಟ್ಟಲಲ್ಲಿ ಥಿನ್ನರ್ ಅಳೆದು ಇಟ್ಟೆವು. ಸಂಜೆ ಮತ್ತೆ ಅಳೆದೆವು. ಹಾರಿದ್ದು ಅವನ ದುಡ್ಡು. ಮಾರನೆಯ ವಾರ ಅವನೇ ಒತ್ತಿದರೆ ಮಾತ್ರ ತೆರೆಯುವ ಮುಚ್ಚಳದ ಡಬ್ಬಿ ತಂದಿಟ್ಟಿದ್ದ.

ಬಂಕಿನಲ್ಲೂ ಇದೇ ಕಥೆ. ಗನ್ನು ತಾನಾಗಿ ನಿಂತ ಮೇಲೂ "ರೌಂಡ್ ಮಾಡ್ಬಿಡಣ್ಣ" ಎನ್ನುತ್ತೇವೆ. ತುಂಬಿದ ಟ್ಯಾಂಕಿನಿಂದ ಆವಿ ಹೊರಗೆ ನುಗ್ಗುತ್ತದೆ. ಬೇಸಿಗೆಯಲ್ಲಿ ಸಂಜೆಯ ಮೇಲೆ ಪೆಟ್ರೋಲ್ ಹಾಕಿಸಿದರೆ ಆ ಆವಿಗೆ ಅವತ್ತಿನ ಬಿಸಿಲು ಸಿಗುವುದಿಲ್ಲ. ಬಂಕಿನಲ್ಲಿ ಆವಿಯನ್ನು ಹಿಂದಕ್ಕೆ ಎಳೆದುಕೊಳ್ಳುವ ಯಂತ್ರ ಹಾಕಬಹುದು, ಆದರೆ ಅದನ್ನು ಹಾಕಿಸುವುದು ನಗರಪಾಲಿಕೆಯ ಕೈಯಲ್ಲಿಲ್ಲ. ಆ ಸಾಲನ್ನು ರಾಜ್ಯದ ಭಾಗಕ್ಕೆ ಸೇರಿಸಿದೆವು. ಕಾರ್ಖಾನೆಗಳ ದ್ರಾವಕದ ಲೆಕ್ಕವೂ ಅಲ್ಲಿಗೇ ಹೋಯಿತು. ಪಾಲಿಕೆಯ ಪಾಲಿಗೆ ಉಳಿದದ್ದು ಕಸ ಸುಡುವುದನ್ನು ನಿಲ್ಲಿಸುವುದು, ತನ್ನ ಕಟ್ಟಡಗಳಿಗೆ ನೀರಿನಲ್ಲಿ ಕಲಸುವ ಪೇಂಟನ್ನೇ ಟೆಂಡರಿನಲ್ಲಿ ಕೇಳುವುದು. ಪ್ರತಿ ಸಾಲಿನ ಮುಂದೆ ಯಾವ ಇಲಾಖೆ, ಯಾವ ಹುದ್ದೆ, ಯಾವ ತಿಂಗಳು ಎಂದು ಬರೆದೆವು. ಇದಕ್ಕೇ ಹೆಚ್ಚು ಜಗಳವಾಯಿತು. ನಾನು ಒಂದನ್ನೂ ಅಳಿಸಲು ಬಿಡಲಿಲ್ಲ.

ಗಿಡಗಳ ಬಗ್ಗೆಯೂ ಒಂದು ಮಾತು. ನೀಲಗಿರಿಯಂಥ ಕೆಲವು ಮರಗಳು ಬಿಸಿಲಿಗೆ ತಾವೇ ಐಸೊಪ್ರೀನ್ ಎಂಬ ಆವಿ ಬಿಡುತ್ತವೆ, ಅದೂ ಓಝೋನಿಗೆ ಸೇರುತ್ತದೆ. ಮರ ನೆಡಿ, ಖಂಡಿತ ನೆಡಿ. ಯಾವ ಮರ ಎಂದು ಕೇಳಿ ನೆಡಿ.

ಕರಡು ಕೊಟ್ಟಾಗಿದೆ. ಪಾಲಿಕೆಯ ಎರಡು ಸಾಲಿಗೆ ಒಪ್ಪಿಗೆ ಸಿಕ್ಕಿದೆ, ರಾಜ್ಯದ ಭಾಗ ಇನ್ನೂ ಮೇಜಿನ ಮೇಲಿದೆ. ಆದರೆ ಗಾಳಿ ಶ್ರೀರಂಗಪಟ್ಟಣದ ಗಡಿಯಲ್ಲಿ ನಿಲ್ಲುವುದಿಲ್ಲ. ಮಂಡ್ಯದ ಗದ್ದೆಗಳಲ್ಲಿ ಕಬ್ಬಿನ ತರಗಿಗೆ ಬೆಂಕಿ ಹಾಕುವುದೂ ಇದೇ ಗಾಳಿಗೇ ಬರುತ್ತದೆ. ಮುಂದಿನ ವಾರ ಕಾಗದಗಳನ್ನು ಕಟ್ಟಿಕೊಂಡು ಆ ಕಡೆಯ ಆಲೆಮನೆಗಳಿಗೆ ಹೊರಟಿದ್ದೇನೆ. ಬೆಟ್ಟದ ಆಚೆಯ ಯಜಮಾನರು ತಾವೂ ಬರುತ್ತೇನೆ ಎಂದಿದ್ದಾರೆ. ಆ ನೇರಳೆ ಕಾಗದ ಅವರ ಹತ್ತಿರವೇ ಇದೆ.