ಭಾರವೆಲ್ಲ ಬೆನ್ನಿನಲ್ಲಿ: ಮನೆಗೆಲಸದ ರೋಬೋಟಿಗೆ ಹಗ್ಗದ ತೋಳು ಜೋಡಿಸಿದ ನನ್ನ ಅನುಭವ

ರೋಬೋಟಿನ ತೋಳನ್ನು ಹಗ್ಗದಿಂದ ಎಳೆಸುತ್ತೇನೆ ಎಂದಾಗ, ಈ ಕಸುಬಿನಲ್ಲೇ ಇರುವ ಗೆಳೆಯರು ಯಾರೂ ಒಪ್ಪಿರಲಿಲ್ಲ. ಹಗ್ಗ ಹಿಗ್ಗುತ್ತದೆ, ಕೈ ಹೇಳಿದ ಜಾಗದಲ್ಲಿ ನಿಲ್ಲುವುದಿಲ್ಲ ಎಂಬುದು ಅವರ ವಾದವಾಗಿತ್ತು. ಈಗ ಅದೇ ತೋಳು ಒಂದು ಲೀಟರ್ ನೀರಿನ ಬಾಟಲಿಯನ್ನು ಊಟದ ಮೇಜಿನಿಂದ ಎತ್ತಿ ಅಡುಗೆಮನೆಯ ಕಟ್ಟೆಯ ಮೇಲೆ ಚೆಲ್ಲದಂತೆ ಇಡುತ್ತಿರುವುದರಿಂದ ಇದನ್ನು ಬರೆಯುವ ಧೈರ್ಯ ಬಂದಿದೆ.

ಎಲ್ಲರಂತೆ ನಾನೂ ಸರ್ವೋಗಳಿಂದಲೇ, ಎಂದರೆ ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಗೇರ್ ಮೋಟಾರುಗಳಿಂದಲೇ, ಆರಂಭಿಸಿದ್ದೆ. ಫ್ರಾನ್ಸಿನ ಶಿಲ್ಪಿ ಗೇಲ್ ಲಾಂಜವೆನ್ 2012ರಲ್ಲಿ ಆರಂಭಿಸಿದ ಇನ್‌ಮೂವ್ ಎಂಬ, 3ಡಿ ಮುದ್ರಿಸಿ ಕಟ್ಟುವ ಮನುಷ್ಯಾಕಾರದ ರೋಬೋಟಿನ ವಿನ್ಯಾಸ ಕೈಬೀಸಲು, ಬೆರಳು ಮಡಚಲು ಚೆನ್ನಾಗಿದೆ. ಭಾರ ಎತ್ತುವ ಮಾತು ಬಂದಾಗ ಲೆಕ್ಕವೇ ಬೇರೆಯಾಗುತ್ತದೆ. ಭುಜದಿಂದ 60 ಸೆಂ.ಮೀ. ದೂರದಲ್ಲಿ ಒಂದು ಕೆ.ಜಿ. ಹಿಡಿದರೆ ಭುಜಕ್ಕೆ 60 ಕೆ.ಜಿ.-ಸೆಂ.ಮೀ. ಹೊರೆ ಬೀಳುತ್ತದೆ, ತೋಳಿನ ಸ್ವಂತ ತೂಕ ಅದರ ಮೇಲೆ. ಎಂ.ಜಿ. 996 ಸರ್ವೋ ಕಾಗದದ ಮೇಲೆ ಕೊಡುವುದೇ ಸುಮಾರು 11. ಎಸ್.ಪಿ. ರಸ್ತೆಯಲ್ಲಿ ಕೊಂಡ ನಕಲಿ ಸರ್ವೋಗಳು ಅದರ ಅರ್ಧವನ್ನೂ ಕೊಡದೆ ಹಲ್ಲು ಮುರಿದುಕೊಂಡವು. ದೊಡ್ಡ ಸರ್ವೋ ಹಾಕಿದರೆ ಮೊಣಕೈಯ ಮೋಟಾರನ್ನು ಹೊರುವುದಕ್ಕೇ ಭುಜದ ಶಕ್ತಿ ಮುಗಿಯುತ್ತಿತ್ತು. ಹೀಗೆ ಹದಿನೈದು ಸಾವಿರದಷ್ಟು ಹಣ ಹೋಯಿತು. ನಡುವೆ ಸೈಕಲ್ ಟ್ಯೂಬಿನಿಂದ ಗಾಳಿಯ ಸ್ನಾಯುಗಳನ್ನೂ ಮಾಡಿ ನೋಡಿದೆ. ಎಳೆತ ಅದ್ಭುತವಾಗಿತ್ತು, ಆದರೆ ಕಂಪ್ರೆಸರಿನ ಸದ್ದನ್ನು ಮನೆಯಲ್ಲಿ ಯಾರೂ ಸಹಿಸಲಿಲ್ಲ.

ಬ್ಯಾರೆಟ್ ಕಂಪನಿಯ ವ್ಯಾಮ್ ಎಂಬ ರೋಬೋಟ್ ತೋಳಿನಲ್ಲಿ ಶಕ್ತಿ ಸಾಗುವುದು ತಂತಿಯ ಮೂಲಕವೇ ಎಂಬುದು ತಿಳಿದಿದ್ದರಿಂದ, ಮೋಟಾರುಗಳನ್ನೆಲ್ಲ ರೋಬೋಟಿನ ಬೆನ್ನಿಗೆ ಸಾಗಿಸಿದೆ. ಅಲ್ಲಿ ತೂಕದ ಚಿಂತೆಯಿಲ್ಲವಾದ್ದರಿಂದ, ಗುಜರಿಯಲ್ಲಿ ಸಿಗುವ ಹೋವರ್‌ಬೋರ್ಡ್ (ನಿಂತು ಸವಾರಿ ಮಾಡುವ ಎರಡು ಚಕ್ರದ ಹಲಗೆ) ಚಕ್ರಗಳೇ ಸಾಕಾದವು, ಅವುಗಳೊಳಗೇ ಮೋಟಾರು ಇರುತ್ತದೆ. ಟೈರು ಕಿತ್ತು, ಅಚ್ಚು ಹೊರಬರದ ಬದಿಯ ಮುಚ್ಚಳಕ್ಕೆ ಲೇತಿನಲ್ಲಿ ಕಡೆಸಿದ 30 ಮಿ.ಮೀ. ರಾಟೆಯನ್ನು ಬಿಗಿದು, ಭುಜದಲ್ಲಿ 150 ಮಿ.ಮೀ. ರಾಟೆ ಇಟ್ಟೆ. ಹೀಗೆ ವೇಗ ಐದು ಪಟ್ಟು ಇಳಿದು ತಿರುಗಿಸುವ ಬಲ ಅಷ್ಟೇ ಪಟ್ಟು ಹೆಚ್ಚುವುದರಿಂದ ಆ ಒಂದು ಕೆ.ಜಿ.ಯನ್ನು ಹಿಡಿದು ನಿಲ್ಲಲು ಎರಡೂವರೆ ಆಂಪಿಯರ್ ಆಸುಪಾಸು ಸಾಕು. ಗೇರ್ ಪೆಟ್ಟಿಗೆ ಇಲ್ಲದಿರುವುದರಿಂದ ಮಗು ಅಡ್ಡ ಬಂದು ತಳ್ಳಿದರೂ ತೋಳು ಹಿಂದೆ ಸರಿಯುತ್ತದೆ.

ಎಳೆಯಲು ಮೊದಲು ಹಾಕಿದ ಬ್ರೇಕ್ ತಂತಿ ಇಷ್ಟು ಚಿಕ್ಕ ರಾಟೆಯ ಮೇಲೆ ಬಾಳಲಿಲ್ಲ, ಎಳೆ ಎಳೆಯಾಗಿ ಮುರಿಯಿತು. ಡೈನೀಮಾ ಎಂಬ ಬಲವಾದ ಪಾಲಿಎಥಿಲೀನ್ ನಾರಿನ ಹಗ್ಗ ಬಾಗುವುದಕ್ಕೆ ಸಲೀಸು. ಅದರ ದೋಷ ಎರಡೇ, ಗಂಟು ಜಾರುತ್ತದೆ ಮತ್ತು ಸತತ ಭಾರದಲ್ಲಿ ನಿಧಾನವಾಗಿ ಉದ್ದವಾಗುತ್ತದೆ. ಗಂಟು ಹಾಕದೆ ತುದಿಯನ್ನು ಹಗ್ಗದೊಳಗೇ ಹೊಸೆದು ಸೇರಿಸಿದೆ. ಜೋಡಿಸುವ ಮೊದಲು ವಾರದಷ್ಟು ಕಾಲ ಭಾರ ಕಟ್ಟಿ ತೂಗುಹಾಕಿದೆ. ಎಷ್ಟು ಭಾರ ಎಂಬುದನ್ನು ಸದ್ಯ ಹೇಳಲಾರೆ. ಮೊಣಕೈಯ ಹಗ್ಗವನ್ನು ಭುಜದ ಅಚ್ಚಿನ ಮೇಲಿನ ರಾಟೆಗೆ ಸುತ್ತಿಸಿ ತಂದರೂ, ಭುಜ ತಿರುಗಿದಾಗ ಮೊಣಕೈ ತುಸು ಮಡಚುತ್ತದೆ. ಅದನ್ನು ತಂತ್ರಾಂಶದಲ್ಲೇ ಕಳೆಯಬೇಕು.

ಚಕ್ರದೊಳಗಿನ ಹಾಲ್ ಸಂವೇದಕಗಳು (ಅಯಸ್ಕಾಂತ ಹಾದುಹೋದುದನ್ನು ಗುರುತಿಸುವವು) ಒಂದು ಸುತ್ತಿಗೆ 90 ಹೆಜ್ಜೆಗಳನ್ನಷ್ಟೇ ಹೇಳುವುದರಿಂದ, ಕೋನ ಅಳೆಯುವ ಎ.ಎಸ್. 5600 ಚಿಪ್ಪುಗಳನ್ನು ಕೀಲುಗಳಲ್ಲೇ ಕೂರಿಸಿದೆ. ಹಗ್ಗ ಹಿಗ್ಗಿದರೂ ಕೈಯ ನಿಜವಾದ ಕೋನ ತಿಳಿಯುವುದು ಇದರಿಂದಲೇ. ಆದರೆ ನಿಧಾನ ಚಲನೆಯಲ್ಲಿ ಮೋಟಾರಿನೊಳಗಿನ ಅಯಸ್ಕಾಂತಗಳು ತಡೆತಡೆದು ಎಳೆಯುವುದರಿಂದ ಕೈ ನಡುಗುತ್ತಿತ್ತು. ಪ್ರತಿ ಕೋನಕ್ಕೂ ಬೇಕಾದ ಪ್ರತಿಬಲದ ಕೋಷ್ಟಕ ಮಾಡಿ ಅದನ್ನು ಅಡಗಿಸಿದೆ. ಕೋಷ್ಟಕ ತಯಾರಿಸಿದ ಕ್ರಮವೂ ಸದ್ಯ ನನ್ನಲ್ಲೇ ಇರಲಿ.

ತೋಳಿನ ಸ್ವಂತ ತೂಕವನ್ನು ಸ್ಪ್ರಿಂಗು ಹೊರುತ್ತದೆ. ಸ್ಪ್ರಿಂಗನ್ನು ರಾಟೆಯ ಹಿಂದೆ ಅಡಗಿಸಿ, ಅದು ಹಿಗ್ಗಿದಷ್ಟು ಉದ್ದದ ಹಗ್ಗ ಮಾತ್ರ ಈಚೆ ಕಾಣುವಂತೆ ಕಟ್ಟಿದರೆ, ಕರೆಂಟು ಹೋದಾಗಲೂ ಖಾಲಿ ಕೈ ಬಿಟ್ಟಲ್ಲೇ ನಿಲ್ಲುತ್ತದೆ. ಬೆರಳ ತುದಿಗಳಿಗೆ ಸಿಲಿಕೋನ್ ಎರಕ ಹೊಯ್ದು ನೋಡಿದೆ, ಒದ್ದೆ ಸ್ಟೀಲ್ ಲೋಟ ಜಾರಿತು. ಪಾತ್ರೆ ತೊಳೆಯುವ ರಬ್ಬರ್ ಕೈಗವಸಿನ ಒರಟು ಭಾಗವನ್ನು ಕತ್ತರಿಸಿ ಅಂಟಿಸಿದ ಮೇಲೆ ಹಿಡಿತ ಬಂದಿದೆ.

ಕೆಟ್ಟುಹೋದದ್ದನ್ನು ಬಿಟ್ಟು ಬಲಗೈಗೆ ನಲವತ್ತು ಸಾವಿರ ರೂಪಾಯಿಯ ಆಸುಪಾಸು ಆಗಿರಬಹುದು, ಅದರಲ್ಲಿ ಹೆಚ್ಚಿನದು ಮೋಟಾರ್ ಡ್ರೈವರುಗಳಿಗೆ ಮತ್ತು ಲೇತಿನವರಿಗೆ. ರಾಟೆಗಳನ್ನು ಎರಡೆರಡಾಗಿ ಕಡೆಸಿಟ್ಟಿರುವುದರಿಂದ ಎಡಗೈ ಇದಕ್ಕಿಂತ ಅಗ್ಗವಾಗಲಿದೆ.